ಮೋಗ್ಲಿಂಗ್ ಅಯ್ಯನವರೂ ಅವರ ಪಾಠಶಾಲೆಯೂ

1957ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ಇಲವಾಲದಲ್ಲಿ ಒಂದು ದೊಡ್ಡ ಕೂಟವು ನೆರೆಯಿತು. ಗ್ರಾಮದಾನದ ವಿಷಯವಾಗಿ ಆಲೋಚಿಸುವದಕ್ಕೋಸ್ಕರ ವಿನೋಬಾ ಭಾವೆಯವರೊಂದಿಗೆ ಪ್ರಧಾನಮಂತ್ರಿ ನೆಹರೂರವರೂ, ಆ ಕಾಲದಲ್ಲಿ ಕೇರಳದ ಕಮ್ಯೂನಿಸ್ಟ್ ಸರಕಾರವನ್ನು ನಡಿಸುತ್ತಿದ್ದ ನಂಬೂದಿರಿಪಾಡರೂ, ಇನ್ನೂ ಅನೇಕ ಪಕ್ಷಗಳ ಮುಖಂಡರೂ ಒಂದೇ ಚಾವಡಿಯಲ್ಲಿ ಕೂತು ಮಾತಾಡಿದರು. ದೇವರು ಉಂಟೆನ್ನುವವರೂ ಇಲ್ಲವೆನ್ನುವವರೂ ಅಲ್ಲಿದ್ದರು. ಒಬ್ಬನ ಮಾತು ಮುಗಿಯುವ ತನಕ ಮತ್ತೊಬ್ಬನು ಕಾದಿರುವದೂ, ಒಪ್ಪದೆ ಇದ್ದರೂ ಎದ್ದು ಹೋಗದೆ ಇರುವದೂ ಹುಟ್ಟುವಾಗಲೇ ಬರುವ ಗುಣಗಳಲ್ಲ. ಅವನ್ನು ಎಲ್ಲಿಯಾದರೂ ಕಲಿಯಬೇಕು. ಸಾಧಾರಣವಾಗಿ ಕಲಿಯುವ ಸ್ಥಳ ಪಾಠಶಾಲೆಯೇ.

ಇಲವಾಲದ ಮೇಲೆ ಹಾದು ಹೋಗುವ ರಸ್ತೆಯು ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಮಡಿಕೇರಿಗೆ ಏರುತ್ತದೆ. ಅಲ್ಲಿಂದ ಘಟ್ಟವಿಳಿದರೆ ಮಂಗಳೂರು. ಈ ದಾರಿಯ ಆ ಕೊನೆಯಲ್ಲಿಯೂ ನಡುವಿನ ಕೊಡಗಿನಲ್ಲಿಯೂ ಒಬ್ಬ ಪಾದ್ರಿಗಳು ಸುಮಾರು 24 ವರುಷ ದುಡಿದರು. ಅವರು ಕ್ರೈಸ್ತ ಪಾಠಶಾಲೆಯನ್ನು ಹೇಗೆ ನಡಿಸಬೇಕೆಂಬದನ್ನು ಕುರಿತು ಕಷ್ಟಪಟ್ಟು ಕಲಿತವರು. ಕೆಲವು ಸಾರಿ ತಪ್ಪಿಯೂ ಕಲಿತವರು. ನಮ್ಮ ಗ್ರಾಮಸಭೆಗಳ ಶಾಲೆಗಳಲ್ಲಿ ಇಂದು ಓದುವ ಮಕ್ಕಳೊಳಗೆ ಹೆಚ್ಚಿನವರು ಅನ್ಯಮತದ ಮನೆಗಳಿಂದ ಬರುವವರಾದದರಿಂದ, ಅವರ ಚರಿತ್ರೆಯನ್ನು ಈ ತಿಂಗಳು ಬರೆಯಲು ಮನಸ್ಸಾಯಿತು.

ಹೆರ್ಮನ್ ಮೋಗ್ಲಿಂಗ್ ಅಯ್ಯನವರು 1811ನೆಯ ಇಸವಿ ಮೇ 29ನೆಯ ತಾರೀಖಿನಲ್ಲಿ ಜರ್ಮನಿ ದೇಶದ ವುರ್ಟೆಂಬೆರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಲ್ಲಿ ಹುಟ್ಟಿದರು. ಟ್ಯೂಬಿಂಗನ್ ವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಓದಿ, ಸ್ವದೇಶದಲ್ಲಿ ಒಳ್ಳೇ ಉದ್ಯೋಗ ದೊರಕಬಹುದಾಗಿದ್ದರೂ ಅದನ್ನು ಬಿಟ್ಟು ಬಾಸೆಲ್ ಮಿಶನನ್ನು ಸೇರಿ, 1836ರ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದರು. ಆ ಮಿಶನಿನ ಮೊದಲನೆಯ ಮೂವರು, ಅಂದರೆ ಹೇಬಿಕ್, ಲೇನರ್, ಗ್ರೈನರ್ ಎಂಬವರು, ಅವರಿಗಿಂತ ಎರಡು ವರುಷ ಮುಂಚೆ, 1834ರಲ್ಲಿ, ಬಂದಿದ್ದರು.

ಮೋಗ್ಲಿಂಗರು ಬಂದ ಕೆಲವೇ ತಿಂಗಳಿಗೆ, 1837ರ ಏಪ್ರಿಲಿನಲ್ಲಿ, ಕಲ್ಯಾಣಪ್ಪನ ಹೆಸರಿನಲ್ಲಿ ದಂಗೆಯೆದ್ದ ಜನರು ಮಂಗಳೂರಿಗೆ ನುಗ್ಗಿ ಕೆಲವು ದಿವಸ ಪಟ್ಟಣವನ್ನು ಹಿಡಿದುಕೊಂಡರು. ಕೊಡಗನ್ನು ಕಂಪೆನಿಯವರು 1834ರಲ್ಲಿ ತಕ್ಕೊಂಡದ್ದೂ, ಕಂದಾಯದ ಭಾರವೂ, ಯಾರಿಗೂ ತಿಳಿಯದ ಕಾಯಿದೆಗಳೂ ಆ ದಂಗೆಯ ಹಿಂದೆ ಇದ್ದವು. ಆಳುವವರ ಮಾತು ಆಳಿಸಿಕೊಳ್ಳುವವರಿಗೆ ತಲಪದೆ, ಇವರ ಸಂಕಟ ಅವರಿಗೆ ತಲಪದೆ ಇದ್ದರೆ ಊರು ಏನಾಗುವದೆಂಬದನ್ನು ಆ ಯೌವನಸ್ಥನಾದ ಪಾದ್ರಿಯು ಕಣ್ಣಾರೆ ಕಂಡನು. ಆರು ವರುಷಗಳ ಮೇಲೆ ಅವರು ಕೈಕೊಂಡ ಒಂದು ಕೆಲಸಕ್ಕೂ ಈ ನೋಟಕ್ಕೂ ಸಂಬಂಧ ಉಂಟೆಂದು ನಾವು ಎಣಿಸುತ್ತೇವೆ. ಅದನ್ನು ಮುಂದೆ ಹೇಳುವೆವು.

ಆ ದಿವಸಗಳಲ್ಲಿ ಮಂಗಳೂರಿನ ಗೃಹಸ್ಥರು ತಮ್ಮ ಮಕ್ಕಳಿಗೆ ಇಂಗ್ಲಿಷ್ ಬರಬೇಕೆಂದು ಆಶಿಸುತ್ತಿದ್ದರು. ಕಚೇರಿಯ ಉದ್ಯೋಗಕ್ಕೆ ಅದೇ ಬಾಗಿಲು. ಮಿಶನಿನ ಶಾಲೆಗೆ ಸಾರಸ್ವತ ಬ್ರಾಹ್ಮಣರ ಹುಡುಗರೂ ಬಂದರು. ತಂದೆಗಳು ಮಿಶನರಿಗಳ ಧರ್ಮವನ್ನು ಒಪ್ಪಿದ್ದರಿಂದ ಕಳುಹಿಸಲಿಲ್ಲ. ಮಿಶನರಿಗಳೂ ಬರೀ ಇಂಗ್ಲಿಷ್ ಕಲಿಸುವದಕ್ಕೆ ಸಮುದ್ರ ದಾಟಿ ಬರಲಿಲ್ಲ. ಎರಡು ಪಕ್ಷದವರಿಗೂ ಇದು ತಿಳಿದೇ ಇತ್ತು. ಹೀಗೆ ಬೇರೆ ಬೇರೆ ಉದ್ದೇಶವುಳ್ಳ ಇಬ್ಬರು ಒಂದೇ ಹುಡುಗನ ಎರಡು ಕೈಗಳನ್ನು ಹಿಡಿದುಕೊಂಡಿದ್ದರು ಎಂದು ಹೇಳಬಹುದು. ಇದರಿಂದ ಬಂದ ಕಷ್ಟವನ್ನು ನಾವು ಮರೆಮಾಡದೆ ಬರೆಯುತ್ತೇವೆ.

ಮೋಗ್ಲಿಂಗರು ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲಿಯೂ ಕೆಲವು ಕಾಲ ಇದ್ದು ಲಿಂಗವಂತರ ಸಹವಾಸದಲ್ಲಿ ಕನ್ನಡವನ್ನು ಚೆನ್ನಾಗಿ ಅಭ್ಯಾಸ ಮಾಡಿದರು. ಅಂಗಡಿ ಬೀದಿಯ ಕನ್ನಡವೂ ಪುರಾಣದ ಕನ್ನಡವೂ ಎರಡೂ ಬೇಕೆಂದು ಅವರಿಗೆ ಅಲ್ಲಿ ತೋರಿತು. ಹಿಂತಿರುಗಿ ಮಂಗಳೂರಿನಲ್ಲಿ ನೆಲಸಿದ ಮೇಲೆ ತಮ್ಮ ಸಂಬಂಧಿಯಾದ ವೈಗ್ಲೆ ಅಯ್ಯನವರೊಂದಿಗೆ ಶಾಲೆಯನ್ನೂ ಅಚ್ಚುಕೂಟವನ್ನೂ ನೋಡಿಕೊಂಡರು. ಅಚ್ಚುಕೂಟವು 1841ರಲ್ಲಿ ಆರಂಭವಾಯಿತು. ಅದು ಮೊಳೆಯ ಅಚ್ಚಲ್ಲ, ಕಲ್ಲಚ್ಚು. ನಯವಾದ ಕಲ್ಲಿನ ಮೇಲೆ ಅಕ್ಷರಗಳನ್ನು ಮೂಡಿಸಿ ಕಾಗದಕ್ಕೆ ಒತ್ತುವ ಕ್ರಮ.

ಆ ಕಲ್ಲಿನಿಂದ 1843ನೆಯ ಇಸವಿ ಜುಲೈ 1ನೆಯ ತಾರೀಖಿನಲ್ಲಿ ಮಂಗಳೂರ ಸಮಾಚಾರವೆಂಬ ಪತ್ರಿಕೆಯು ಹೊರಟಿತು. ಕನ್ನಡದಲ್ಲಿ ಇದೇ ಮೊದಲನೆಯ ವರ್ತಮಾನ ಪತ್ರಿಕೆ. ಹದಿನೈದು ದಿವಸಕ್ಕೆ ಒಂದಾವರ್ತಿ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ನಮ್ಮ ರಾಜ್ಯದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವದು ಇದರ ಜ್ಞಾಪಕಾರ್ಥವಾಗಿಯೇ. ಊರಿನ ವರ್ತಮಾನ, ಸರಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ, ಕಥೆಗಳು, ಬುದ್ಧಿಮಾತುಗಳು, ಇವೆಲ್ಲ ಅದರಲ್ಲಿ ಇರುತ್ತಿದ್ದವು. ದಾಸರ ಹಾಡುಗಳೂ ಬರುತ್ತಿದ್ದವು. ಮಿಶನಿನ ಪತ್ರಿಕೆಯಲ್ಲಿ ದಾಸರ ಹಾಡೇ ಎಂದು ಕೆಲವರು ಆಶ್ಚರ್ಯಪಟ್ಟಾರು. ನಮಗೆ ಅದಕ್ಕಿಂತಲೂ ಸರಕಾರದ ನಿರೂಪಗಳೇ ಹೆಚ್ಚು ಮುಖ್ಯವಾಗಿ ತೋರುತ್ತವೆ. ಯಾಕಂದರೆ ಕಾಯಿದೆ ಏನೆಂದು ತಿಳಿಯದ ರೈತನು ಶಾನುಭೋಗನ ಬಾಯನ್ನೇ ನೋಡಿಕೊಂಡಿರಬೇಕಾಗಿತ್ತು. ಒಂದು ದುಡ್ಡು ಕೊಟ್ಟು ತಾನೇ ಓದಿಕೊಂಡರೆ, ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗನಿಂದ ಓದಿಸಿಕೊಂಡರೆ, ಅವನು ಪ್ರಜೆಯಾಗುವದಕ್ಕೆ ಆರಂಭಿಸಿದ ಹಾಗಾಯಿತು. 1837ರ ಗಲಿಬಿಲಿಯನ್ನು ಕಂಡವರಿಗೆ ಇದರ ಬೆಲೆ ಗೊತ್ತು. ನಮ್ಮ ಮೈಸೂರಿನಲ್ಲಿ ವೆಸ್ಲಿಯನ್ ಮಿಶನಿನ ಹೇಗ್ ಅಯ್ಯನವರು ವೃತ್ತಾಂತ ಪತ್ರಿಕೆಯನ್ನು 1887ರಲ್ಲಿ ಆರಂಭಿಸುವದಕ್ಕೆ ಇನ್ನೂ 44 ವರುಷಗಳಿದ್ದವು.

ಪತ್ರಿಕೆಯು ಬಹು ಕಾಲ ಮಂಗಳೂರಿನಲ್ಲಿ ನಿಲ್ಲಲಿಲ್ಲ. 1844ರಲ್ಲಿ ಅದನ್ನು ಮೊಳೆಯ ಅಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಒಯ್ದು ಕನ್ನಡ ಸಮಾಚಾರವೆಂಬ ಹೆಸರಿನಿಂದ ನಡಿಸಿದರು; ಸ್ವಲ್ಪ ಕಾಲದಲ್ಲಿ ನಿಂತಿತು.

ಅದೇ 1844ನೆಯ ವರುಷವು ಶಾಲೆಗೆ ಪರೀಕ್ಷೆಯ ವರುಷವಾಯಿತು. ಜನವರಿ 6ನೆಯ ತಾರೀಖಿನಲ್ಲಿ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ಯುವಕನು ಬೇರೆ ಇಬ್ಬರೊಂದಿಗೆ ದೀಕ್ಷಾಸ್ನಾನವನ್ನು ಹೊಂದಿದನು. ಅವನಿಗೆ ಆಗ ಸುಮಾರು 18 ವರುಷ. ಒಳ್ಳೇ ಮನೆತನದವನು, ಚುರುಕು ಬುದ್ಧಿಯವನು. ಸುದ್ದಿ ಹಬ್ಬಿದ ಕೂಡಲೆ ಪಟ್ಟಣದಲ್ಲಿ ದೊಡ್ಡ ಗದ್ದಲವೆದ್ದಿತು. ತಂದೆಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಆನಂದರಾಯನ ಮನೆಯಲ್ಲಿ ಸತ್ತವನಿಗಾಗಿ ಅಳುವ ಹಾಗೆ ಅತ್ತರು. ಎಳೆಯ ಪತ್ನಿಯು ಅವನಿಂದ ಅಗಲಿದಳು.

ನಾವು ಕ್ರೈಸ್ತರು. ಆ ಯುವಕನು ತನ್ನ ಮನಸ್ಸಾಕ್ಷಿಗೆ ವಿಧೇಯನಾದದ್ದನ್ನು ತಪ್ಪೆಂದು ಹೇಳಲಾರೆವು. ನಮ್ಮೊಳಗೆ ಅನೇಕರ ಅಜ್ಜಂದಿರು ಅಂಥಾದ್ದೇ ಒಂದು ದಿವಸ ಮನೆಯಿಂದ ಹೊರಟು ಬಂದವರು. ಆದರೂ ಆ ತಂದೆಗಳ ಸಿಟ್ಟನ್ನು ಬರೀ ಮೂಢತನವೆಂದು ತಳ್ಳಿಬಿಡುವದು ನ್ಯಾಯವಲ್ಲ. ಅವರು ವಿದ್ಯೆಗೋಸ್ಕರ ಮಗನನ್ನು ಒಪ್ಪಿಸಿದ್ದರು. ಮಗನು ಹಿಂತಿರುಗಲಿಲ್ಲ. ನಮ್ಮ ಮಗುವನ್ನು ಮತ್ತೊಂದು ಮತದವರ ಶಾಲೆಗೆ ಕಳುಹಿಸಿ ಹೀಗೆ ಆಗಿದ್ದರೆ ನಾವು ಏನು ಮಾಡುತ್ತಿದ್ದೆವು? ಮಿಶನಿನವರು ಮೋಸ ಮಾಡಲಿಲ್ಲ, ಬಲಾತ್ಕಾರ ಮಾಡಲಿಲ್ಲ. ಆದರೆ ಶಾಲೆಗೂ ಮನೆಗೂ ನಡುವೆ ಇರಬೇಕಾದ ಭರವಸವು ಮುರಿಯಿತು. ಅದನ್ನು ಪುನಃ ಕಟ್ಟುವದಕ್ಕೆ ವರುಷಗಳು ಹಿಡಿದವು.

ಈ ವಿಷಯದಲ್ಲಿ ದೇಶದ ಕಾಯಿದೆಯು ನಿಧಾನವಾಗಿ ಒಂದು ದಾರಿಯನ್ನು ಮಾಡಿತು. 1854ರಲ್ಲಿ ಚಾರ್ಲ್ಸ್ ವುಡ್ ದೊರೆಯ ವಿದ್ಯಾನಿರೂಪವು ಬಂದು, ಲೌಕಿಕ ವಿದ್ಯೆಯನ್ನು ಸರಿಯಾಗಿ ಕಲಿಸುವ ಯಾವ ಮತದವರ ಶಾಲೆಗಾದರೂ ಸರಕಾರವು ಸಹಾಯದ್ರವ್ಯ ಕೊಡುವದೆಂದೂ, ಅಂಥಾ ಶಾಲೆಗಳು ತನಿಖೆಗೆ ಒಳಪಡಬೇಕೆಂದೂ ಏರ್ಪಾಡಾಯಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 30ನೆಯ ಅನುಚ್ಛೇದವು ನಮ್ಮಂಥ ಅಲ್ಪಸಂಖ್ಯಾತರಿಗೆ ಸ್ವಂತ ಶಾಲೆಗಳನ್ನು ಸ್ಥಾಪಿಸಿ ನಡಿಸುವ ಹಕ್ಕನ್ನು ಕೊಟ್ಟಿರುವದು. 28ನೆಯ ಅನುಚ್ಛೇದವಾದರೋ, ಸರಕಾರದ ಮನ್ನಣೆಯನ್ನಾಗಲಿ ಹಣವನ್ನಾಗಲಿ ಪಡೆದ ಶಾಲೆಯಲ್ಲಿ ಓದುವ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಎಳೆಯರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧರ್ಮಬೋಧನೆಗೂ ಆರಾಧನೆಗೂ ಕೂರಿಸಕೂಡದೆಂದು ಹೇಳುತ್ತದೆ. ಮೊದಲನೆಯದನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಬಲ್ಲರು. ಎರಡನೆಯದನ್ನು ಬಲ್ಲವರು ಕಡಿಮೆ.

1844ರಲ್ಲಿ ಮೋಗ್ಲಿಂಗರ ಮುಂದೆ ಈ ಕಾಯಿದೆಗಳೊಂದೂ ಇರಲಿಲ್ಲ. ಅವರು ಬೇರೆ ವಿಧದಲ್ಲಿ ಕಲಿಯಬೇಕಾಯಿತು. 1846ರಲ್ಲಿ ಅವರು ಆನಂದರಾಯನನ್ನು ಯುರೋಪಿಗೆ ಕರೆದುಕೊಂಡು ಹೋಗಿ ಬಾಸೆಲಿನ ಮಿಶನ್ ಶಾಲೆಯಲ್ಲಿ ಬಿಟ್ಟು, ತಾವು ಹಿಂತಿರುಗಿ ಬಂದು 1847ರಲ್ಲಿ ಮಂಗಳೂರಿನಲ್ಲಿ ಉಪದೇಶಿಗಳ ಶಾಲೆಯನ್ನು ತೆರೆದರು. ಮುಂದೆ ಬಲ್ಮಠದ ಗುಡ್ಡದ ಮೇಲೆ ಹೆಸರಾದ ದೇವಶಾಸ್ತ್ರ ಶಾಲೆಯು ಇದರ ಬೆಳವಣಿಗೆಯೇ. ಶಾಲೆಯ ಹುಡುಗರು ಬೇರೆ ಬೇರೆ ಜಾತಿಗಳಿಂದ ಬಂದವರು. ಕೆಲವರ ಮನೆಯವರು ಮತ್ತೆ ಕೆಲವರ ನೆರಳು ಸೋಕಿದರೆ ಸ್ನಾನ ಮಾಡುತ್ತಿದ್ದವರು. ಅವರನ್ನು ಒಂದೇ ಬೆಂಚಿನಲ್ಲಿ ಕೂರಿಸುವದು ಸುಲಭ. ಒಂದೇ ಪಂಕ್ತಿಯಲ್ಲಿ ಉಣ್ಣಿಸುವದು ಕಷ್ಟ. ಉಪಾಧ್ಯಾಯನಾದ ಬಿಳಿಯ ದೊರೆಯು ತಾನು ಬಂಗಲೆಯಲ್ಲಿ ಮೇಜಿನ ಮುಂದೆ ಬೇರೆ ಊಟ ಮಾಡಿ, ಬಳಿಕ ಬಂದು ಜಾತಿಭೇದವನ್ನು ಬಿಡಿರೆಂದು ಬೋಧಿಸಿದರೆ ಯಾವ ಹುಡುಗನು ನಂಬುವನು? ಮೋಗ್ಲಿಂಗರಿಗೆ ಇದು ಹೊಳೆಯಿತು. ಅವರು ಹುಡುಗರ ಜೊತೆಯಲ್ಲಿಯೇ ವಾಸಿಸಿ, ಅವರ ಅನ್ನದಲ್ಲಿ ತಾವೂ ಪಾಲುಗಾರರಾದರು. ಯುರೋಪಿನವರಿಗೂ ಈ ದೇಶದವರಿಗೂ ಮಿಶನಿನ ಕೆಲಸದಲ್ಲಿ ಒಂದೇ ಮರ್ಯಾದೆ ಇರಬೇಕೆಂಬದು ಅವರ ಅಭಿಪ್ರಾಯ. ಜೊತೆಯ ಮಿಶನರಿಗಳೊಳಗೆ ಎಲ್ಲರಿಗೂ ಇದು ರುಚಿಸಲಿಲ್ಲ. ಆದರೆ ಆನಂದರಾಯರು 1851ರಲ್ಲಿ ಅಭಿಷೇಕ ಹೊಂದಿ ಹಿಂತಿರುಗಿ ಅದೇ ಶಾಲೆಯಲ್ಲಿ ಉಪಾಧ್ಯಾಯರಾದಾಗ, ಈ ಮಾತು ಬರೀ ಮಾತಾಗಿ ಉಳಿಯಲಿಲ್ಲ.

ಇನ್ನು ಪುಸ್ತಕಗಳ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಯಾಕಂದರೆ ಕನ್ನಡ ನಾಡು ಮೋಗ್ಲಿಂಗರನ್ನು ನೆನಸುವದು ಹೆಚ್ಚಾಗಿ ಇದಕ್ಕಾಗಿಯೇ. 1848ರಿಂದ ಕೆಲವು ವರುಷಗಳೊಳಗೆ ಅವರು ಕನ್ನಡದ ಹಳೇ ಕಾವ್ಯಗಳ ಒಂದು ಮಾಲೆಯನ್ನೇ ಕಲ್ಲಚ್ಚಿನಲ್ಲಿ ಹೊರಡಿಸಿದರು. ಖರ್ಚಿಗೆ ಬೇಕಾದ ಹಣವನ್ನು ಮದ್ರಾಸಿನಲ್ಲಿ ನ್ಯಾಯಾಧಿಪತಿಗಳಾಗಿದ್ದು ನೀಲಗಿರಿಯಲ್ಲಿ ವಿಶ್ರಾಂತಿಯಿಂದಿದ್ದ ಕಾಸಾಮೇಜರ್ ದೊರೆಗಳು ಕೊಟ್ಟರು. ಲಕ್ಷ್ಮೀಶನ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ಮತ್ತು 1850ರಲ್ಲಿ ದಾಸರ ಪದಗಳು, ಇವು ಆ ಮಾಲೆಯಲ್ಲಿ ಸೇರಿದವು. ಅದಕ್ಕೆ ಮುಂಚೆ ಇವು ತಾಳೆಗರಿಯಲ್ಲಿಯೂ ಹಾಡುವವರ ಬಾಯಲ್ಲಿಯೂ ಇದ್ದವು. ಒಬ್ಬನ ಪ್ರತಿಗೂ ಇನ್ನೊಬ್ಬನ ಪ್ರತಿಗೂ ಪಾಠ ಬೇರೆ. ಅವನ್ನು ಕೂಡಿಸಿ, ಹೋಲಿಸಿ, ಲೇಖಕರಿಂದ ಅಂದವಾಗಿ ಬರೆಯಿಸಿ ಒತ್ತಿಸಬೇಕಾಯಿತು. ಅವರು ಕನ್ನಡದ ಗಾದೆಗಳನ್ನೂ ಕೂಡಿಸಿ ಅಚ್ಚು ಹಾಕಿಸಿದರು. ಗಾದೆಗಳನ್ನು ತಾಳೆಗರಿಯಲ್ಲಿ ಹುಡುಕಿದರೆ ಸಿಕ್ಕುವದಿಲ್ಲ. ರೈತರ, ಹೆಂಗಸರ, ಕೂಲಿಯವರ ಬಾಯಿಂದಲೇ ಕೇಳಿ ಬರೆಯಬೇಕು.

ಒಬ್ಬ ಮಿಶನರಿಯು ವೀರಶೈವರ ಪುರಾಣವನ್ನೂ ವೈಷ್ಣವರ ಹಾಡುಗಳನ್ನೂ ಯಾಕೆ ಅಚ್ಚು ಹಾಕಿಸಿದನು? ನಮ್ಮ ಹಿರಿಯರೊಳಗೆ ಕೆಲವರು ಇದನ್ನು ಹೇಳುವಾಗ ಸ್ವಲ್ಪ ನಾಚಿಕೊಳ್ಳುವದುಂಟು. ಅನ್ಯಮತದ ವಾಚಕರು ಮೋಗ್ಲಿಂಗರನ್ನು ಪೂರಾ ತಮ್ಮವರನ್ನಾಗಿ ಮಾಡಿಕೊಳ್ಳುವದೂ ಉಂಟು. ಎರಡೂ ಸರಿಯಲ್ಲ. ಹೊಸ ಮಿಶನರಿಗಳು ಜನರ ಮನಸ್ಸನ್ನು ತಿಳುಕೊಳ್ಳಬೇಕು, ಒಳ್ಳೇ ಕನ್ನಡವನ್ನು ಕಲಿಯಬೇಕು ಎಂಬದು ಅವರ ಉದ್ದೇಶಗಳೊಳಗೆ ಒಂದಾಗಿತ್ತು. ಕ್ರಿಸ್ತನ ಸುವಾರ್ತೆಯನ್ನು ಸಾರುವದನ್ನು ಅವರು ಒಂದು ದಿವಸವೂ ಬಿಡಲಿಲ್ಲ. ಜನರ ದೇವಪೂಜೆಯನ್ನು ಕುರಿತು ಅವರು ಆಡಿದ ಕೆಲವು ಮಾತುಗಳು ಬಹಳ ಕಠಿಣ. ಈಗ ನಮ್ಮ ಶಾಲೆಯಲ್ಲಿ ಯಾವ ಉಪಾಧ್ಯಾಯರಾದರೂ ಹಾಗೆ ಮಾತಾಡಿದರೆ ನಾವು ತಡೆಯುವೆವು. ಆದರೆ ಅಷ್ಟೇ ಉದ್ದೇಶವಾಗಿದ್ದರೆ ಒಂದು ಸಂಕ್ಷೇಪವನ್ನು ಬರೆದು ಮುಗಿಸಬಹುದಾಗಿತ್ತು. ಇಡೀ ಪುಸ್ತಕವನ್ನು, ಒಂದಕ್ಷರ ಕತ್ತರಿಸದೆ ಕವಿ ಬರೆದ ಹಾಗೆಯೇ ಕೊಡಬೇಕೆಂಬ ಹಟವು ಬೇರೆ ಕಡೆಯಿಂದ ಬಂದದ್ದು. ದಾಸರ ಪದಗಳಲ್ಲಿ ಕೆಲವನ್ನು ಅವರು ಜರ್ಮನ್ ಭಾಷೆಗೂ ತಿರುಗಿಸಿದರು. ಹಾಡಿನ ಮೇಲೆ ಪ್ರೀತಿ ಇಲ್ಲದವನು ಆ ಕಷ್ಟವನ್ನು ತೆಗೆದುಕೊಳ್ಳುವದಿಲ್ಲ.

ಇದರಿಂದ ಶಾಲೆಗೆ ಏನಾಯಿತು ಎಂದರೆ, ಮಂಗಳೂರಿನ ಹುಡುಗನು ಮಿಶನ್ ಅಚ್ಚುಕೂಟದಿಂದ ತನ್ನ ಅಜ್ಜಿ ಹಾಡುವ ಹಾಡೇ ಪುಸ್ತಕವಾಗಿ ಹೊರಡುವದನ್ನು ಕಂಡನು. ತನ್ನ ಮನೆಯಲ್ಲಿ ಇರುವದು ಕಸವಲ್ಲವೆಂದು ಪರದೇಶದ ಗುರುವಿನ ಕೆಲಸವೇ ಅವನಿಗೆ ಹೇಳಿತು. ಕ್ರೈಸ್ತ ಹುಡುಗನಾದರೋ, ತಾನು ಬಿಟ್ಟು ಬಂದದ್ದನ್ನು ಹಳಿಯದೆ ಓದಬಹುದೆಂದು ಕಲಿತನು. ನಮ್ಮ ಸಭೆಗಳಲ್ಲಿ ಈ ಎರಡನೆಯ ಪಾಠವು ಮೊದಲನೆಯದಕ್ಕಿಂತ ಕಠಿಣವಾಗಿಯೇ ಇದೆ.

1853ರಲ್ಲಿ ಮೋಗ್ಲಿಂಗರು ಕೊಡಗಿಗೆ ಹೋದರು. ಅಲ್ಮಂಡ ಸೋಮಯ್ಯನೆಂಬ ಕೊಡವ ಗೃಹಸ್ಥನು ಆ ವರುಷದಲ್ಲಿ ಸ್ತೇಫನನೆಂಬ ಹೆಸರಿನಿಂದ ದೀಕ್ಷೆ ಹೊಂದಿದ್ದನು. ಬಂಧುಗಳು ಅವನನ್ನು ಹೊರಗೆ ಹಾಕಿದಾಗ ಅವನ ಸಹಾಯಕ್ಕೋಸ್ಕರವೇ ಇವರು ಘಟ್ಟ ಹತ್ತಿದರೆಂದು ಹೇಳಬಹುದು. ಸ್ವಲ್ಪ ಕಾಲದಲ್ಲಿ ಹೊಲೆಯರೂ ಬೋಧನೆ ಕೇಳುವದಕ್ಕೆ ಬಂದರು. ಇವರು ತಲೆತಲಾಂತರದಿಂದ ಕೊಡವರ ಭೂಮಿಗೆ ಅಂಟಿಕೊಂಡ ಜೀತದವರು. ಒಡೆಯನೂ ಆಳೂ ಒಂದೇ ಪಾಠವನ್ನು ಕೇಳಬೇಕಾದ ಸ್ಥಿತಿ. ಮಂಗಳೂರಿನ ಶಾಲೆಯಲ್ಲಿ ಒಂದು ಪಂಕ್ತಿಯ ಪ್ರಶ್ನೆಯಿದ್ದರೆ ಇಲ್ಲಿ ಹೊಲ, ಕೂಲಿ, ಹೊಟ್ಟೆಪಾಡು ಎಲ್ಲವೂ ಸೇರಿಕೊಂಡಿತು. ಬರೀ ಬೋಧನೆಯಿಂದ ಇದು ತೀರುವದಿಲ್ಲವೆಂದು ಕಂಡು, ಅಮ್ಮತ್ತಿಯ ಸಮೀಪದಲ್ಲಿ ನೆಲ ಸಂಪಾದಿಸಿ ಆನಂದಪುರವೆಂಬ ಗ್ರಾಮವನ್ನು ಕಟ್ಟಿದರು. ಕೌಂಡಿನ್ಯರೂ ತಮ್ಮ ಸ್ವಂತ ಹಣದಿಂದ ನೆರವಾದರು. ಮಂಗಳೂರಿನ ಬ್ರಾಹ್ಮಣ ಮನೆತನದ ಹಣವು ಕೊಡಗಿನ ಹೊಲೆಯರ ಮನೆಗಳಿಗೆ ಬುನಾದಿಯಾಯಿತು. ಇಂಥಾದ್ದನ್ನು ಆ ಕಾಲದಲ್ಲಿ ಯಾರು ಎಣಿಸಿದ್ದರು!

ಕೊಡವರ ಮೇಲೆಯೂ ಅವರಿಗೆ ದ್ವೇಷವಿರಲಿಲ್ಲ. ಆ ಜನಾಂಗದ ನಡೆನುಡಿಗಳನ್ನೂ ಅರಸರ ಚರಿತ್ರೆಯನ್ನೂ ಕೂಡಿಸಿ 1855ರಲ್ಲಿ ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಹೊರಡಿಸಿದರು. ಕೊಡಗಿನ ಅರಸರ ರಾಜೇಂದ್ರನಾಮೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರು. ಮಡಿಕೇರಿಯ ಶಾಲೆಯನ್ನು ಅವರ ಜೊತೆಯವರಾದ ರಿಕ್ಟರ್ ಅಯ್ಯನವರು ಬಹು ವರುಷ ನಡಿಸಿ ಕೊಡವರ ಮಕ್ಕಳಿಗೆ ಗುರುಗಳೆನ್ನಿಸಿಕೊಂಡರು.

1858ರಲ್ಲಿ ಟ್ಯೂಬಿಂಗನ್ ವಿದ್ಯಾಲಯವು ಮೋಗ್ಲಿಂಗರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. ಕನ್ನಡದ ಸೇವೆಗಾಗಿ ಆ ದೂರದೇಶದಲ್ಲಿ ಮಾಡಿದ ಸನ್ಮಾನವದು. ಅಷ್ಟರಲ್ಲಿ ವೈಗ್ಲೆ ಅಯ್ಯನವರು ತೀರಿಹೋಗಿದ್ದರು. ಅವರ ವಿಧವೆ ಪೌಲೀನಮ್ಮನವರನ್ನು ಮೋಗ್ಲಿಂಗರು ಮದುವೆಯಾಗಿ ಆ ಮಕ್ಕಳಿಗೂ ತಂದೆಯಾದರು. ಅಮ್ಮನವರ ಶರೀರಸ್ಥಿತಿ ಕೆಟ್ಟದ್ದರಿಂದ 1860ರಲ್ಲಿ ಸ್ವದೇಶಕ್ಕೆ ಹೊರಟರು. ಪುನಃ ಬರಲು ಆಗಲಿಲ್ಲ.

ದೂರದಲ್ಲಿದ್ದರೂ ಅವರ ಮನಸ್ಸು ಕನ್ನಡವನ್ನು ಬಿಡಲಿಲ್ಲ. ಒಂದು ಪೂರ್ಣವಾದ ಕನ್ನಡ ಕೋಶವಾಗಬೇಕೆಂದು ಮಿಶನನ್ನು ಒತ್ತಾಯ ಮಾಡುತ್ತಿದ್ದವರೊಳಗೆ ಅವರು ಒಬ್ಬರು. ಆ ಕೆಲಸವು ಕಿಟೆಲ್ ಅಯ್ಯನವರ ಪಾಲಿಗೆ ಬಂದಿತು. ಮೋಗ್ಲಿಂಗರು 1881ನೆಯ ಇಸವಿ ಮೇ 10ನೆಯ ತಾರೀಖಿನಲ್ಲಿ ಎಸ್‌ಲಿಂಗನ್ ಊರಲ್ಲಿ ನಿದ್ರೆಹೋದರು. ಕೋಶವು 1894ರಲ್ಲಿ ಮಂಗಳೂರಿನ ಮಿಶನ್ ಅಚ್ಚುಕೂಟದಿಂದ ಹೊರಟಿತು. ಅದನ್ನು ತೆರೆದು ನೋಡಿದವರು ಬಲ್ಲರು: ಒಂದೊಂದು ಶಬ್ದದ ಕೆಳಗೆ ಸಾಕ್ಷಿಯಾಗಿ ಬಸವಪುರಾಣವೂ ಜೈಮಿನಿಯೂ ದಾಸರ ಪದಗಳೂ ನಿಂತಿವೆ, ಅವುಗಳ ಮಗ್ಗುಲಲ್ಲಿಯೇ, ಅದೇ ಅಳತೆಯ ಅಕ್ಷರದಲ್ಲಿ, ಯಾರೋ ಹೆಸರು ತಿಳಿಯದ ರೈತನೋ ನೀರು ಹೊರುವ ಹೆಂಗಸೋ ಆಡಿದ ಗಾದೆಯೂ ಕೂತಿರುವದು.